ಬೀಸುಕಲ್ಲಿನ ಬುಧವಾರ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವಿಜಾಪುರದ ಹುಡುಗಿಯರ ಬೋರ್ಡಿಂಗಿನ ಅಡಿಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಮಾತ್ರ ಆಗಲೇ ಬರುತ್ತಿದೆ. ಒಲೆಯ ಮುಂದೆ ಕುಳಿತವರು ಭೀಮಾಬಾಯಿ. ಕೈಯಲ್ಲಿ ಜೋಳದ ಹಿಟ್ಟು, ಕಣ್ಣು ಹಂಚಿನ ಮೇಲೆ, ಬಾಯಲ್ಲಿ ಲೂಕನ ಸುವಾರ್ತೆ.

“ಐದು ರೊಟ್ಟಿ,” ಎಂದು ಒಂದು ಪೆಟ್ಟು. “ಎರಡು ಮೀನ,” ಎಂದು ಇನ್ನೊಂದು ಪೆಟ್ಟು. “ಐದು ಸಾವಿರ ಮಂದಿ,” ಎನ್ನುವಷ್ಟರಲ್ಲಿ ರೊಟ್ಟಿ ಅಗಲವಾಗಿ ಹಂಚಿನ ಮೇಲೆ ಬಿದ್ದಿರುತ್ತದೆ. ಬುಧವಾರ ತಿಕೋಟಾದಲ್ಲಿ, ಶುಕ್ರವಾರ ಬಬಲೇಶ್ವರದಲ್ಲಿ, ಬೆರಳೆಣಿಕೆಯ ಮನೆಗಳಿರುವ ಮೆಥೊಡಿಸ್ಟ್ ಸಭೆಗಳಿಗೆ ವಾರದ ಪ್ರಾರ್ಥನೆ ನಡೆಸಿ, ಬೈಬಲಿನ ಒಂದು ಅಧ್ಯಾಯ ಓದಿ, ಅದರ ಮೇಲೆ ನಾಲ್ಕು ಮಾತು ಹೇಳುವುದು ಭೀಮಾಬಾಯಿಯವರ ಕೆಲಸ. ಆ ನಾಲ್ಕು ಮಾತು ಬೇಯುವುದು ಈ ಹಂಚಿನ ಮುಂದೆಯೇ.

“ಮೀನಿಂದ ಏನು ಮಾಡ್ತೀರಿ?” ಎಂದು ಕೇಳುತ್ತೇನೆ. “ತಿಕೋಟಾದಾಗ ಮೀನ ತಿಂದವರು ಕಡಿಮೀರಿ,” ಎನ್ನುತ್ತಾರೆ ರೊಟ್ಟಿ ತಿರುವಿ ಹಾಕುತ್ತ. “ಓದೂವಾಗ ಮೀನ ಅಂತ ಓದ್ತೇನಿ. ತಿಳಿಸಿ ಹೇಳೂವಾಗ ಪುಂಡಿಪಲ್ಯ ಅಂತೇನಿ. ಹೊಟ್ಟಿ ತುಂಬಿದ್ದು ಖರೆ ಹೌದಲ್ಲೋ?”

ಸಾಪ್ತಾಹಿಕ ಪುರವಣಿಯ ಓದುಗರಿಗೆ ಅಂಕಿಸಂಖ್ಯೆ ಬೇಕು ಎಂಬುದು ನಮ್ಮ ಸಂಪಾದಕರ ಕಟ್ಟಪ್ಪಣೆ. ದಿನಕ್ಕೆ ಎಷ್ಟು ರೊಟ್ಟಿ ಬಡಿಯುತ್ತೀರಿ ಎಂದು ಕೇಳಿದ್ದಕ್ಕೆ ಭೀಮಾಬಾಯಿ ನನ್ನನ್ನು ಕೆಟ್ಟ ಕಣ್ಣಿನವನನ್ನು ನೋಡುವಂತೆ ನೋಡಿದರು. “ಎಣಿಸಬ್ಯಾಡ್ರಿ ಅಣ್ಣಾರ. ಎಣಿಸಿದ್ರ ಬರಕತ್ ಹೋಗತೈತಿ. ಹುಡಿಗ್ಯಾರು ಸಾಕು ಅನ್ನೂತನಕ ಬಡೀತೇನಿ ಅಂತ ಬರಕೋರಿ.” ಅಷ್ಟನ್ನೇ ಬರೆದುಕೊಂಡೆ. ಸಂಪಾದಕರು ಕ್ಷಮಿಸಬೇಕು.

ಇಂದು ಬುಧವಾರ. ಭೀಮಾಬಾಯಿಯವರ ಪೆಟ್ಟು ಇವತ್ತು ಸ್ವಲ್ಪ ಬಿರುಸಾಗಿದೆ, ಒಂದೆರಡು ರೊಟ್ಟಿ ಅಂಚಿನಲ್ಲಿ ಹರಿದೂ ಹೋದವು. ಕಾರಣ ಉಂಟು. ಇಂದು ಸಂಜೆ ತಿಕೋಟಾದಲ್ಲಿ ಸುಗ್ಗಿ ಕಾಣಿಕೆ. ಪಾದ್ರಿ ಅಂಬಾದಾಸ ಅಯ್ಯನವರು ಸ್ವತಃ ಬರುತ್ತಾರೆ. ಬಂದು, ತಿಕೋಟಾದ ಬುಧವಾರದ ಪ್ರಾರ್ಥನೆ ಇನ್ನು ಮುಂದೆ ಇರಬೇಕೋ, ಮುಚ್ಚಬೇಕೋ ಎಂದು ತೀರ್ಮಾನ ಹೇಳಿ ಹೋಗುತ್ತಾರೆ. ಅದಕ್ಕೆಲ್ಲ ಕಾರಣ ಒಂದು ಬೀಸುಕಲ್ಲು. ಆ ಕಥೆಗೆ ಬರುವ ಮೊದಲು ಭೀಮಾಬಾಯಿ ಯಾರು ಎಂದು ಹೇಳಬೇಕು.

ಹುಟ್ಟಿದ್ದು ಪಕ್ಕದ ಅರಕೇರಿಯಲ್ಲಿ, ಕೂಲಿ ಮಾಡುವವರ ಮನೆಯಲ್ಲಿ. ಸಾಲೆಯ ಹೊಸ್ತಿಲು ತುಳಿದವರಲ್ಲ. ಮದುವೆಯಾಗಿ ವಿಜಾಪುರದ ಜೋರಾಪುರ ಪೇಟೆಗೆ ಬಂದರು. ಗಂಡ ಹತ್ತಿ ಗಿರಣಿಯಲ್ಲಿ ದುಡಿಯುತ್ತಿದ್ದ. ಮಗಳಿಗೆ ಹಲ್ಲು ಮೂಡುವ ಹೊತ್ತಿಗೆ ಅವನು ಜ್ವರದಲ್ಲಿ ತೀರಿಕೊಂಡ. ಕೂಸನ್ನು ಸೊಂಟಕ್ಕೇರಿಸಿಕೊಂಡು ಬೋರ್ಡಿಂಗಿನ ಬಾಗಿಲಿಗೆ ಬಂದು, “ನನಗ ರೊಟ್ಟಿ ಒಂದ ಬರತೈತ್ರಿ,” ಎಂದರಂತೆ. ಒಳಗೆ ಕರೆದರು. ಅಂದಿನಿಂದ ಒಲೆಯ ಮುಂದಿನ ಜಾಗ ಅವರದು. ಮಗಳು ಈಗ ಸೊಲ್ಲಾಪುರದಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ.

ಅಕ್ಷರ ಕಲಿತದ್ದೂ ಇದೇ ಅಡಿಗೆಮನೆಯಲ್ಲಿ. ಬೋರ್ಡಿಂಗಿನ ಒಬ್ಬ ಬಾಯಿಯವರು, ಎಂದರೆ ಶಿಕ್ಷಕಿ, ಅಗಲವಾದ ಪರಾತದಲ್ಲಿ ಹಿಟ್ಟು ಹರಡಿ, ಅದರ ಮೇಲೆ ಬೆರಳಿನಿಂದ ಅಕ್ಷರ ಬರೆಸುತ್ತಿದ್ದರು. ತಪ್ಪಾದರೆ ಒರೆಸುವ ಗೋಜಿಲ್ಲ, ನೀರು ಹಾಕಿ ನಾದಿದರಾಯಿತು. “ನನ್ನ ತಪ್ಪೆಲ್ಲಾ ಹುಡಿಗ್ಯಾರ ತಿಂದಾರ್ರಿ,” ಎಂದು ಭೀಮಾಬಾಯಿ ನಗುತ್ತಾರೆ. ಈಗಲೂ ಓದುವಾಗ ಬೆರಳು ಸಾಲಿನ ಕೆಳಗೆ ಸರಿಯುತ್ತಲೇ ಇರಬೇಕು. ಬೆರಳು ನಿಂತರೆ ಓದೂ ನಿಲ್ಲುತ್ತದೆ.

ತಿಕೋಟಾದ ಹಳೆಯ ಉಪದೇಶಿ ತೀರಿಕೊಂಡಾಗ, ಬುಧವಾರ ಅಲ್ಲಿಗೆ ಯಾರು ಹೋಗುತ್ತೀರಿ ಎಂದು ಆಗಿನ ಪಾದ್ರಿಗಳು ಸಭೆಯಲ್ಲಿ ಕೇಳಿದ್ದರು. ಗಂಡಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೋರ್ಡಿಂಗಿನಲ್ಲಿ ಬುಧವಾರ, ಶುಕ್ರವಾರ ಸಂಜೆ ಅನ್ನ ಮಾಡುವ ಪದ್ಧತಿ, ಆ ಎರಡು ಸಂಜೆ ರೊಟ್ಟಿಯ ಕೈಗೆ ಬಿಡುವು. ಹೀಗೆ ದೇವರ ಸೇವೆಗೆ ಭೀಮಾಬಾಯಿಯವರನ್ನು ಆರಿಸಿದ್ದು ಅನ್ನ ಎಂದರೂ ತಪ್ಪಲ್ಲ.

ಶುಕ್ರವಾರದ ಬಬಲೇಶ್ವರದ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಅಲ್ಲಿಯವರು ಸಜ್ಜನರು, ದಿನವಿಡೀ ಹೊಲದಲ್ಲಿ ದುಡಿದು ಬಂದವರು. ಪ್ರಾರ್ಥನೆಗೆ ಎಂದು ಕಣ್ಣು ಮುಚ್ಚಿದರೆ ಕೆಲವರು ಮತ್ತೆ ತೆರೆಯುವುದಿಲ್ಲ. “ಒಮ್ಮೆ ಹುಡಿಗ್ಯಾರನ್ನ ಕರಕೊಂಡು ಗೋಳಗುಮ್ಮಟಕ್ಕ ಹೋಗಿದ್ದೆ. ಮ್ಯಾಲೆ ನಿಂತು ಆಮೆನ್ ಅಂದೆ. ಎಷ್ಟ ಸರತಿ ತಿರುಗಿ ಬಂತು ಅಂತೀರಿ. ಬಬಲೇಶ್ವರದಾಗ ಒಂದ ಸರತಿನೂ ಬರೂದಿಲ್ಲ,” ಎಂದು ಭೀಮಾಬಾಯಿ ದೂರುತ್ತಾರೆ. ದೂರಿನಲ್ಲಿ ಸಿಟ್ಟಿಲ್ಲ. ಎಚ್ಚರವಿದ್ದವರೂ ಇನ್ನೊಂದು ಹೇಳುತ್ತಾರೆ: ಬಾಯಾರ, ಎಂದರೆ ಭೀಮಾಬಾಯಿಯವರ, ಉಪದೇಶ ಕೇಳಿದರೆ ಹಸಿವಾಗುತ್ತದೆ. ನೋಹನ ನಾವೆಯ ಕಥೆಯಲ್ಲೂ ನಲವತ್ತು ದಿನ ಒಲೆ ಹೇಗೆ ಹೊತ್ತಿಸಿದರು ಎಂಬ ಚಿಂತೆಯೇ ಇವರಿಗೆ ದೊಡ್ಡದು.

ಇನ್ನು ತಿಕೋಟಾ. ಅಲ್ಲಿ ಯಾರೂ ನಿದ್ದೆ ಮಾಡುವುದಿಲ್ಲ.

ತಿಕೋಟಾದ ಸಭೆಗೆ ಗುಡಿಯ ಕಟ್ಟಡವಿಲ್ಲ. ಮುದುಕಿ ಪರಸವ್ವನ ಮನೆಯ ಪಡಸಾಲೆಯೇ ಪ್ರಾರ್ಥನೆಯ ಮನೆ. ಪರಸವ್ವನಿಗೆ ಕಾಲಿಲ್ಲದಂತಾಗಿ ಹಗ್ಗದ ಹೊರಸು ಹಿಡಿದು ಬಹಳ ಕಾಲವಾಯಿತು, ಆದ್ದರಿಂದ ಸಭೆಯೇ ಅವಳಿದ್ದಲ್ಲಿಗೆ ಬರುತ್ತದೆ. ಅಲ್ಲಿ ಒಂದು ಪದ್ಧತಿ. ಓದು, ಉಪದೇಶ ಮುಗಿದ ಮೇಲೆ ಪ್ರತಿಯೊಬ್ಬರೂ ಸರದಿಯ ಪ್ರಕಾರ ಬಾಯಿಬಿಟ್ಟು ಪ್ರಾರ್ಥಿಸಬೇಕು. ಒಬ್ಬರು ಪ್ರಾರ್ಥಿಸುವಾಗ ಉಳಿದವರು ಕಣ್ಣು ಮುಚ್ಚಿಕೊಂಡಿರಬೇಕು, ಆಮೆನ್ ಬರುವ ತನಕ ನಡುವೆ ಬಾಯಿ ಹಾಕುವಂತಿಲ್ಲ. ಹಿರಿಯರು ಭಕ್ತಿಗಾಗಿ ಮಾಡಿದ ನಿಯಮವಿದು. ಜಗಳಕ್ಕೆ ಇದಕ್ಕಿಂತ ಅನುಕೂಲವಾದ ನಿಯಮ ಜಗತ್ತಿನಲ್ಲಿ ಇನ್ನೊಂದಿಲ್ಲ ಎಂಬುದನ್ನು ಕಂಡುಕೊಂಡವರು ತಿಪ್ಪವ್ವ ಮತ್ತು ಸಾವಂತ್ರವ್ವ.

ಇವರಿಬ್ಬರು ನೆಗೆಣ್ಣಿಯರು, ಅಣ್ಣತಮ್ಮಂದಿರ ಹೆಂಡಂದಿರು. ಹಿರಿಯಳು ತಿಪ್ಪವ್ವ, ಅವಳ ಗಂಡ ಬಾಬು. ಕಿರಿಯಳು ಸಾವಂತ್ರವ್ವ, ಅವಳ ಗಂಡ ಕರೆಪ್ಪ. ಅಣ್ಣತಮ್ಮಂದಿರು ಬೇರೆಯಾದಾಗ ಗಂಗಾಳ, ಕೊಡ, ಆಡು ಎಲ್ಲ ಸರಿಯಾಗಿ ಪಾಲಾದವು. ಉಳಿದದ್ದು ಅತ್ತೆಯ ಕಾಲದ ಬೀಸುಕಲ್ಲು. ಬಾಬು ಯೋಚಿಸಿ, “ಕಲ್ಲು ಎರಡು ಅದಾವಲ್ಲ, ಒಂದೊಂದು ತಗೊಂಡ್ರ ಆತು,” ಎಂದ. ಕರೆಪ್ಪನಿಗೂ ಅದು ನ್ಯಾಯವಾಗಿ ಕಂಡಿತು. ಮೇಲಿನ ಕಲ್ಲು ಅಣ್ಣನ ಮನೆಗೆ, ಕೆಳಗಿನ ಕಲ್ಲು ತಮ್ಮನ ಮನೆಗೆ ಹೋಯಿತು. ಎರಡು ಜುಟ್ಟು ಕೂಡಿದರೂ ಎರಡು ಜಡೆ ಕೂಡುವುದಿಲ್ಲ ಎಂಬ ಗಾದೆ ಕಟ್ಟಿದವರು ಗಂಡಸರೇ ಇರಬೇಕು. ಈ ಮನೆಯಲ್ಲಿ ಕಲ್ಲನ್ನು ಬೇರೆ ಮಾಡಿದ್ದು ಕೂಡಿದ ಎರಡು ಜುಟ್ಟುಗಳೇ.

ತಿಪ್ಪವ್ವ ಮೇಲಿನ ಕಲ್ಲನ್ನು ಕೋಳಿಬುಟ್ಟಿಯ ಮೇಲೆ ಭಾರಕ್ಕೆ ಇಟ್ಟಳು. ಸಾವಂತ್ರವ್ವ ಕೆಳಗಿನ ಕಲ್ಲನ್ನು ಅಂಗಳದಲ್ಲಿ ಹಾಕಿ ಕುಳಿತು ತಲೆ ಬಾಚಿಕೊಳ್ಳತೊಡಗಿದಳು. ಹಿಟ್ಟಿಗೆ ಮಾತ್ರ ಇಬ್ಬರೂ ಪರಸವ್ವನ ಪಕ್ಕದ ಮನೆಯ ಆಶಾಬಿಯ ಕಲ್ಲಿಗೆ ಹೋಗಬೇಕು, ಒಬ್ಬಳು ಬೆಳಿಗ್ಗೆ, ಒಬ್ಬಳು ಸಂಜೆ. ಊರಲ್ಲಿ ಎಂಜಿನ್ ಗಿರಣಿ ಬಂದಿದೆ. ಆದರೆ ಗಿರಣಿಯ ಹಿಟ್ಟು ಬಿಸಿಯಾಗುತ್ತದೆ, ರೊಟ್ಟಿ ಹರಿಯುತ್ತದೆ ಎಂಬ ಒಂದು ವಿಷಯದಲ್ಲಿ ಮಾತ್ರ ನೆಗೆಣ್ಣಿಯರಿಬ್ಬರಿಗೂ ಒಮ್ಮತವಿದೆ.

ಬುಧವಾರ ಬಂದರೆ ತಿಪ್ಪವ್ವನ ಪ್ರಾರ್ಥನೆ ಹೀಗಿರುತ್ತಿತ್ತು: “ಯಪ್ಪಾ ತಂದೀ, ನಿನ್ನ ಮುಂದ ಯಾವದೂ ಮುಚ್ಚಿಲ್ಲ. ನಮ್ಮತ್ತಿ ಬೀಸಿದ ಕಲ್ಲಿನ ಮ್ಯಾಲೆ ಒಬ್ಬಾಕಿ ದಿನಾ ಕುಂತು ತೆಲಿ ಹಿಕ್ಕೋತಾಳ. ಆಕಿ ಹೆಸರು ನಾ ಹೇಳೂದಿಲ್ಲ, ನಿನಗ ಗೊತ್ತೈತಿ. ಆಕಿಗೆ ಬುದ್ಧಿ ಕೊಡು. ಆಮೆನ್.”

ಸಾವಂತ್ರವ್ವನ ಸರದಿ ಬರುತ್ತಿತ್ತು: “ಕರುಣಾಳು ತಂದೀ, ಹಿರೇರು ಅನ್ನಿಸಿಕೊಂಡವರ ಮನಸ್ಸು ಕೋಳಿಬುಟ್ಟಿ ಮ್ಯಾಲಿನ ಕಲ್ಲಿನಂಗ ಆಗೈತಿ. ಅದನ್ನ ಮೆತ್ತಗ ಮಾಡು. ಮೆತ್ತಗ ಆಗೂತನಕ ಕೋಳಿ ಆರೋಗ್ಯ ಕಾಯಿ. ಆಮೆನ್.”

ಕೊನೆಯಲ್ಲಿ ಹೊರಸಿನ ಮೇಲಿಂದ ಪರಸವ್ವ ತನ್ನದೊಂದು ಸೇರಿಸುತ್ತಾಳೆ. ಅವಳ ಪ್ರಾರ್ಥನೆ ಎಂದೂ ಬದಲಾಗುವುದಿಲ್ಲ. “ನನ್ನ ಕರಕೋ ತಂದೀ, ಸಾಕಾತು. ಆದ್ರ ಈ ಸುಗ್ಗಿ ಒಂದ ಮುಗೀಲಿ.” ಸುಗ್ಗಿ ಮುಗಿದರೆ ಮಳೆಗಾಲ, ಮಳೆಗಾಲ ಮುಗಿದರೆ ಕ್ರಿಸ್‌ಮಸ್. ದೇವರಿಗೂ ಈ ಮುದುಕಿಯ ಬಳಿ ಬಿಡುವಿನ ದಿನ ಸಿಕ್ಕಿಲ್ಲ.

ಇಬ್ಬರಿಗೂ ನೋವಾಗದಂತೆ ಮುಕ್ತಾಯದ ಪ್ರಾರ್ಥನೆ ಮಾಡುವುದು ಭೀಮಾಬಾಯಿಯವರ ಪಾಲಿಗೆ ಬರುತ್ತದೆ. “ಮ್ಯಾಲಿದ್ದವರನ್ನೂ ಕಾಯಿ, ಕೆಳಗಿದ್ದವರನ್ನೂ ಕಾಯಿ ಅಂತಿದ್ದೆರಿ. ಅದಕ್ಕೂ ತಿಪ್ಪವ್ವ ತಕರಾರು ತಗದಳು, ಮ್ಯಾಲಿದ್ದವರು ಅಂದದ್ದು ತನಗಽ ಅಂತ.” ಹೀಗಿದ್ದರೂ ಆ ಬುಧವಾರಗಳಿಗೆ ಜನ ತುಂಬಿರುತ್ತಿದ್ದರು. ಸಭೆಯವರಷ್ಟೇ ಅಲ್ಲ, ಗೋಡೆಯಾಚೆ ಆಶಾಬಿಯೂ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕುಳಿತಿರುತ್ತಿದ್ದಳು. “ಇವತ್ತ ಯಾರದು ಪಹಿಲಾ ಸರತಿ?” ಎಂದು ಮೊದಲೇ ಕೇಳಿಕೊಳ್ಳುತ್ತಿದ್ದಳು.

ಪ್ರಮಾದ ನಡೆದದ್ದು ಕಳೆದ ಶ್ರಾವಣದಲ್ಲಿ. ಭೀಮಾಬಾಯಿಯವರ ಓದಿಗೆ ಒಂದು ಶಿಸ್ತಿದೆ. ವಾರಕ್ಕೆ ಒಂದು ಅಧ್ಯಾಯ, ಸರದಿ ತಪ್ಪುವಂತಿಲ್ಲ, ಒಂದು ಸಾಲೂ ಬಿಡುವಂತಿಲ್ಲ. “ನಮಗ ಬೇಕಾದ್ದ ಆರಿಸಿ ಓದಿದ್ರ ಅದು ದೇವರ ಮಾತು ಆಗೂದಿಲ್ಲ, ನಮ್ಮ ಮಾತು ಆಗತೈತಿ,” ಎನ್ನುವುದು ಅವರ ವಾದ. ಹಾಗೆ ಓದುತ್ತ ಓದುತ್ತ ಮತ್ತಾಯನ ಇಪ್ಪತ್ತನಾಲ್ಕನೆಯ ಅಧ್ಯಾಯ ಬಂತು. ಬೆರಳು ಸಾಲಿನ ಕೆಳಗೆ ಸರಿಯಿತು. ಕಡೆಯ ದಿನ ಇಬ್ಬರು ಹೆಂಗಸರು ಬೀಸುಕಲ್ಲಿನ ಮುಂದೆ ಕುಳಿತಿರುವಾಗ ಒಬ್ಬಳನ್ನು ಕರೆದುಕೊಳ್ಳಲಾಗುತ್ತದೆ, ಒಬ್ಬಳನ್ನು ಬಿಡಲಾಗುತ್ತದೆ ಎಂಬ ಮಾತು ಬಾಯಿಂದ ಹೊರಬಿದ್ದ ಮೇಲೆಯೇ ತಾವು ಯಾವ ಊರಲ್ಲಿ ಕುಳಿತಿದ್ದೇವೆ ಎಂಬುದು ಅವರಿಗೆ ಹೊಳೆದದ್ದು.

ಆಮೇಲೆ ತಿಪ್ಪವ್ವ ಮೆಲ್ಲಗೆ ಕೇಳಿದಳು, “ಬಿಡೂದು ಯಾರನ್ನ ಅಂತ ಮುಂದ ಬರದೈತೇನ್ರಿ ಬಾಯಾರ?”

“ಕೆಳಗಿನ ಕಲ್ಲು ನೆಲಕ್ಕ ಇರತೈತಿ. ಬಿಟ್ಟಾಕಿ ಅಂದ್ರ ಆಕಿನಽ,” ಎಂದು ಯಾರೋ ಅಂದರು. ಯಾರೆಂದು ಇವತ್ತಿಗೂ ಗೊತ್ತಿಲ್ಲ, ಬಾಬುವಿನ ಮೇಲೆ ಎಲ್ಲರಿಗೂ ಗುಮಾನಿ. ಸಾವಂತ್ರವ್ವ ಎದ್ದು ನಿಂತಳು. ಪರಸವ್ವ ಹೊರಸಿನಿಂದ, “ನೀವ್ಯಾಕ ಬಡಿದಾಡ್ತೀರಿ ಬೇ, ಕರಕೊಳ್ಳೂದು ನನ್ನನ್ನ,” ಎಂದು ಸಮಾಧಾನ ಮಾಡಲು ನೋಡಿದಳು. ಅಂದು ಮುಕ್ತಾಯದ ಪ್ರಾರ್ಥನೆಯೇ ಆಗಲಿಲ್ಲ. ಬಾಯಾರು ಬೇಕೆಂದೇ ನಮ್ಮನ್ನು ತಿವಿಯಲು ಆ ಸಾಲು ಹುಡುಕಿ ತಂದರು ಎಂದು ಎರಡೂ ಮನೆಯವರು ಸಿಟ್ಟಾದರು. ಜಗಳದಲ್ಲಿದ್ದ ಎರಡೂ ಪಕ್ಷದವರನ್ನು ಒಂದೇ ವಾಕ್ಯದಿಂದ ಎದುರು ಹಾಕಿಕೊಂಡ ಉಪದೇಶಿ ಬೇರೆ ಯಾರೂ ಇರಲಿಕ್ಕಿಲ್ಲ.

ಸುದ್ದಿ ವಿಜಾಪುರ ಮುಟ್ಟಿತು. ಅಂಬಾದಾಸ ಅಯ್ಯನವರು ಆಗಷ್ಟೇ ಬಂದಿದ್ದ ಹೊಸ ಪಾದ್ರಿಗಳು, ಶಿಸ್ತಿನ ಮನುಷ್ಯ, ಒಳ್ಳೆಯವರು. ದೀಪಾವಳಿಯ ಹೊತ್ತಿಗೆ ಒಂದು ಬುಧವಾರ ತಾವೇ ಹೋಗಿ ಕುಳಿತರು. ಕೋಳಿಬುಟ್ಟಿಯ ಪ್ರಾರ್ಥನೆ ಕೇಳಿದರು. ಹೊರಗೆ ಬಂದು, “ಭೀಮಾಬಾಯಿ ಅವರೇ, ಇದು ಪ್ರಾರ್ಥನೆಯೋ ಪಂಚಾಯಿತಿಯೋ?” ಎಂದರು. ಇನ್ನು ಮೇಲೆ ಯಾರೂ ಬಾಯಿಬಿಟ್ಟು ಪ್ರಾರ್ಥಿಸಬಾರದು, ಮೌನವಾಗಿ ಮಾಡಬೇಕು ಎಂದು ಅಪ್ಪಣೆಯಾಯಿತು. ಸುಗ್ಗಿಯ ತನಕ ನೋಡೋಣ, ಸರಿಹೋಗದಿದ್ದರೆ ತಿಕೋಟಾದ ಬುಧವಾರ ನಿಲ್ಲಿಸಿ, ಎಲ್ಲರೂ ಭಾನುವಾರ ವಿಜಾಪುರಕ್ಕೇ ಬರಲಿ ಎಂದೂ ಹೇಳಿದರು.

ಮೌನ ಪ್ರಾರ್ಥನೆ ಶುರುವಾಯಿತು. ತಿಪ್ಪವ್ವ ಮೌನವಾಗಿ ಕೆಮ್ಮಿದಳು. ಸಾವಂತ್ರವ್ವ ಅದಕ್ಕಿಂತ ಜೋರಾಗಿ ಕೆಮ್ಮಿದಳು. ಎರಡು ವಾರ ಕೆಮ್ಮು ನಡೆಯಿತು. ಆಮೇಲೆ ಒಬ್ಬೊಬ್ಬರೇ ಬರುವುದು ಬಿಟ್ಟರು. ಬರೀ ಕೆಮ್ಮು ಕೇಳಲು ಹೊಲದ ಕೆಲಸ ಬಿಟ್ಟು ಯಾರು ಬರುತ್ತಾರೆ? ಆಶಾಬಿಯೂ ಮೆಣಸಿನಕಾಯಿಯನ್ನು ಮನೆಯೊಳಗೇ ಬಿಡಿಸತೊಡಗಿದಳು. ಒಂದು ಬುಧವಾರವಂತೂ ಪಡಸಾಲೆಯಲ್ಲಿ ಭೀಮಾಬಾಯಿ, ಪರಸವ್ವ ಮತ್ತು ಒಂದು ಬೆಕ್ಕು.

“ಅವತ್ತ ಅಳು ಬಂತ್ರಿ,” ಎನ್ನುತ್ತಾರೆ ಭೀಮಾಬಾಯಿ, ಕೈ ನಿಲ್ಲಿಸದೆ. “ಇಲ್ಲಿ ನಾ ರೊಟ್ಟಿಬಾಯಿ. ಏ ರೊಟ್ಟಿಬಾಯಿ, ಉಪ್ಪ ಕಡಿಮಿ. ಏ ರೊಟ್ಟಿಬಾಯಿ, ಬಿಸೀದು ತಾ. ತಪ್ಪಿಲ್ಲ, ಅದು ನನ್ನ ಕೆಲಸ. ಆದ್ರ ಬುಧವಾರ ಮೋಟಾರ ಇಳದ್ರ ಬಾಯಾರ ಬಂದ್ರು ಅಂತಾರ. ಒಂದ ಮುದುಕಿ ಬಾಗಲಕಡೆ ಕಣ್ಣ ಇಟ್ಟಿರ್ತಾಳ. ಪರಸವ್ವ ಭಾನುವಾರ ಮೋಟಾರ ಹತ್ತಿ ವಿಜಾಪುರಕ್ಕ ಬರ್ತಾಳೇನ್ರಿ? ಬುಧವಾರ ಹೋತಂದ್ರ ಆಕಿಗೆ ದೇವರ ಮನಿನೂ ಇಲ್ಲ. ನನಗೂ ಇಲ್ಲ.”

ಇದನ್ನು ಕೇಳಿದ ಮೇಲೆ ನನಗೂ ಆ ಬುಧವಾರ ಉಳಿಯಬೇಕು ಎನ್ನಿಸಿಬಿಟ್ಟಿದೆ. ಪತ್ರಿಕೆಯವನು ಯಾರ ಪಕ್ಷವನ್ನೂ ವಹಿಸಬಾರದು ಎನ್ನುತ್ತಾರೆ. ಎರಡು ಬಿಸಿರೊಟ್ಟಿ, ಶೇಂಗಾ ಹಿಂಡಿ ತಿಂದ ಮೇಲೆ ಆ ಮಾತು ಪಾಲಿಸುವುದು ಕಷ್ಟ.

ಮಧ್ಯಾಹ್ನದ ಮೋಟಾರಿನಲ್ಲಿ ನಾವು ತಿಕೋಟಾಕ್ಕೆ ಹೊರಡುತ್ತೇವೆ. ಭೀಮಾಬಾಯಿಯವರ ಮಡಿಲಲ್ಲಿ ಬಟ್ಟೆಯಲ್ಲಿ ಸುತ್ತಿದ ಬೈಬಲು. ದಾರಿಯುದ್ದಕ್ಕೂ ಬಿಳಿಜೋಳದ ರಾಶಿ ನಡೆದಿದೆ. ತುಟಿ ಅಲ್ಲಾಡುತ್ತಿರುವುದು ಕಂಡು, ಉಪದೇಶ ಬಾಯಿಪಾಠ ಮಾಡುತ್ತಿದ್ದೀರೇನು ಎಂದು ಕೇಳುತ್ತೇನೆ. “ಇಲ್ರಿ. ಅಯ್ಯನವರಿಗೆ ಒಳ್ಳೆ ಮೂಡು ಇರ್ಲಿ ಅಂತ ಬೇಡ್ಕೊಳಾಕತ್ತೇನಿ.”

ಸುಗ್ಗಿ ಕಾಣಿಕೆ ಎಂದರೆ ಬೆಳೆದದ್ದರಲ್ಲಿ ಚೆನ್ನಾದದ್ದನ್ನು ತಂದು ದೇವರ ಮುಂದೆ ಇಡುವುದು. ಪ್ರಾರ್ಥನೆಯಾದ ಮೇಲೆ ಅವನ್ನೆಲ್ಲ ಸವಾಲು ಕೂಗಿ, ಎಂದರೆ ಹರಾಜು ಹಾಕಿ, ಸಭೆಯವರೇ ಕೊಂಡುಕೊಳ್ಳುತ್ತಾರೆ. ಪರಸವ್ವನ ಪಡಸಾಲೆಗೆ ಇಂದು ಜನ ಬಂದಿದ್ದಾರೆ. ಸುಗ್ಗಿಯ ದಿನ ಬರದಿದ್ದರೆ ನಾಚಿಕೆ. ಜೋಳದ ತೆನೆ, ಕುಂಬಳಕಾಯಿ, ತತ್ತಿ, ಬದನೆಕಾಯಿ, ಹೆಂಗಸರು ಅಡಿಗೆಗೆ ಮೊದಲು ದಿನಾ ಎತ್ತಿಟ್ಟ ಹಿಡಿಜೋಳದ ಗಡಿಗೆ, ಎಲ್ಲ ಸಾಲಾಗಿ ಕುಳಿತಿವೆ. ಅಂಬಾದಾಸ ಅಯ್ಯನವರು ಕುರ್ಚಿಯಲ್ಲಿ ಕುಳಿತಿದ್ದಾರೆ. ತಿಪ್ಪವ್ವ ಈ ಗೋಡೆಗೆ, ಸಾವಂತ್ರವ್ವ ಆ ಗೋಡೆಗೆ.

ಭೀಮಾಬಾಯಿ ಓದುತ್ತಾರೆ, ಐದು ರೊಟ್ಟಿಯ ಮಾತು ಹೇಳುತ್ತಾರೆ. ಪುಂಡಿಪಲ್ಯ ಬಂದಾಗ ಅಯ್ಯನವರ ಹುಬ್ಬು ಏರುತ್ತದೆ. ಕಾಣಿಕೆಯ ಹೊತ್ತು ಬರುತ್ತದೆ. ತಿಪ್ಪವ್ವ ಎದ್ದು ಕಾಲು ಕಟ್ಟಿದ ಹೇಟೆ ಕೋಳಿಯನ್ನು ಸಾಲಿನ ತುದಿಗೆ ಇಡುತ್ತಾಳೆ. ಎಲ್ಲರೂ ಮೆಚ್ಚಿ ತಲೆಯಾಡಿಸುತ್ತಾರೆ. ಆಕೆ ಕುಳಿತುಕೊಳ್ಳುವುದಿಲ್ಲ. ಗಂಡನಿಗೆ ಸನ್ನೆ ಮಾಡುತ್ತಾಳೆ. ಬಾಬು ಹೊರಗೆ ಹೋಗಿ, ಏದುಸಿರು ಬಿಡುತ್ತ ಮೇಲಿನ ಕಲ್ಲನ್ನು ಹೊತ್ತು ತಂದು ಕೋಳಿಯ ಪಕ್ಕದಲ್ಲಿ ದೊಪ್ಪನೆ ಇಳಿಸುತ್ತಾನೆ.

“ಕೋಳಿ ದೇವರಿಗೆ ಹೋತು, ಬುಟ್ಟಿ ಖಾಲಿ ಆತು,” ಎನ್ನುತ್ತಾಳೆ ತಿಪ್ಪವ್ವ, ಎದುರಿನ ಗೋಡೆಯ ಕಡೆಗೇ ನೋಡುತ್ತ. “ಇನ್ನ ಈ ಕಲ್ಲು ನನಗ ಯಾಕ? ಇನ್ನೊಬ್ಬರ ಮನಿಗೆ ಹೋಗೂದಕ್ಕಿಂತ ದೇವರ ಮನಿಗೆ ಹೋಗ್ಲಿ.”

ಹಟಕ್ಕೆ ಕೊಟ್ಟ ಕಾಣಿಕೆ ಎಂಬುದು ಬೆಕ್ಕಿಗೂ ತಿಳಿಯುವಂತಿದೆ. ಸಾವಂತ್ರವ್ವನ ಮುಖ ಕೆಂಪೇರುತ್ತದೆ. ದೇವರಿಗೆ ಕೊಟ್ಟದ್ದನ್ನು ಇನ್ನು ಕೇಳುವಂತಿಲ್ಲ, ಇಡೀ ಸಭೆಯ ಮುಂದೆ ತಿಪ್ಪವ್ವನ ಕೈ ಮೇಲಾಯಿತು. ಸಾವಂತ್ರವ್ವ ಸೆರಗು ಸಿಕ್ಕಿಸಿ ಹೊರಗೆ ಹೋಗುತ್ತಾಳೆ, ಕರೆಪ್ಪ ಓಡುತ್ತಾನೆ. ಮನೆಗೆ ಹೋದರು ಎಂದು ನಾವೆಲ್ಲ ತಿಳಿಯುತ್ತೇವೆ. ಭೀಮಾಬಾಯಿ ಕಣ್ಣು ಮುಚ್ಚಿಕೊಂಡು ಕುಳಿತಿದ್ದಾರೆ. ಬುಧವಾರ ಮುಗಿಯಿತು ಎಂದೇ ಅವರ ಮುಖ ಹೇಳುತ್ತಿದೆ. ಅಷ್ಟರಲ್ಲಿ ಓಣಿಯಲ್ಲಿ ಗುಡುಗುಡು ಸದ್ದು. ಗಂಡಹೆಂಡತಿ ಇಬ್ಬರೂ ಕೂಡಿ ಕೆಳಗಿನ ಕಲ್ಲನ್ನು ಉರುಳಿಸಿಕೊಂಡು ಬರುತ್ತಿದ್ದಾರೆ, ಹಿಂದೆ ಆಶಾಬಿ.

“ಹಿರೇರು ಅಷ್ಟ ಕೊಟ್ಟ ಮ್ಯಾಲೆ ಸಣ್ಣವರು ಕಡಿಮಿ ಬೀಳಬಾರದ್ರಿ,” ಎನ್ನುತ್ತಾಳೆ ಸಾವಂತ್ರವ್ವ ಅಯ್ಯನವರಿಗೆ. “ಇದೂ ದೇವರಿಗೆ.”

ಅಯ್ಯನವರು ಎರಡು ಕಲ್ಲುಗಳನ್ನು ನೋಡುತ್ತಾರೆ. ಸುಗ್ಗಿ ಕಾಣಿಕೆಗೆ ಬಂಡೆಗಲ್ಲು ಬಂದರೆ ಏನು ಮಾಡಬೇಕೆಂದು ಅವರು ಕಲಿತ ಶಾಲೆಯಲ್ಲಿ ಯಾರೂ ಹೇಳಿಕೊಟ್ಟಿರಲಾರರು. “ಸರಿ, ಸವಾಲು ಶುರುಮಾಡಿ,” ಎನ್ನುತ್ತಾರೆ. ಬಾಬುವಿನ ಕಣ್ಣು ಹೊಳೆಯುತ್ತದೆ. ಎರಡನ್ನೂ ಕೂಗಿ ಕೊಂಡರೆ ಪೂರ್ತಿ ಕಲ್ಲು ತನ್ನ ಮನೆಗೇ ಬಂತಲ್ಲ. ಕರೆಪ್ಪನಿಗೂ ಅದೇ ಹೊತ್ತಿಗೆ ಅದೇ ಬುದ್ಧಿ ಬರುತ್ತದೆ. ಇಬ್ಬರೂ ಬಾಯಿ ತೆರೆಯುತ್ತಾರೆ.

“ತಡೀರಿ,” ಎನ್ನುತ್ತಾರೆ ಭೀಮಾಬಾಯಿ. ಎದ್ದು ನಿಂತಿದ್ದಾರೆ. “ಕೋಳಿ ಕೊಳ್ಳೂವಾಗ ಎತ್ತಿ ನೋಡ್ತೀರಿ. ಕುಂಬಳಕಾಯಿ ಬಡದು ನೋಡ್ತೀರಿ. ಕಲ್ಲು ಬೀಸ್ತೈತೋ ಇಲ್ಲೋ ನೋಡದ ಹೆಂಗ ಸವಾಲಿಗೆ ಹಾಕೂದು? ಬಾಬು, ಕರೆಪ್ಪ, ಬರ್ರಿ. ಒಂದರ ಮ್ಯಾಲೊಂದು ಇಡ್ರಿ.”

ಇಟ್ಟರು. ಎಷ್ಟು ಕಾಲದ ಮೇಲೆಯೋ ಕಲ್ಲಿನ ಮೇಲೆ ಕಲ್ಲು ಕುಳಿತಿತು. ಭೀಮಾಬಾಯಿ ಹಿಡಿಜೋಳದ ಗಡಿಗೆಯಿಂದ ಎರಡು ಬೊಗಸೆ ಜೋಳ ತೆಗೆದು ಪಕ್ಕಕ್ಕಿಟ್ಟರು. ದೊಡ್ಡ ಕಲ್ಲು, ಒಬ್ಬರ ಕೈಗೆ ತಿರುಗುವುದಲ್ಲ. ಇಬ್ಬರು ಎದುರುಬದುರು ಕುಳಿತು ಒಂದೇ ಗೂಟ ಹಿಡಿಯಬೇಕು. ಯಾರೂ ಮುಂದೆ ಬರಲಿಲ್ಲ. ಎಲ್ಲರ ಕಣ್ಣು ಈ ಗೋಡೆಗೊಮ್ಮೆ, ಆ ಗೋಡೆಗೊಮ್ಮೆ ಹೋಗಿ ಬಂತು.

ಆಗ ಹೊರಸಿನಿಂದ ಪರಸವ್ವ ತನ್ನಷ್ಟಕ್ಕೆ ಅಂದಂತೆ ಅಂದಳು, “ಒಬ್ಬಾಕಿ ಕುಂತ್ಳು ಅಂದ್ರ ಇನ್ನೊಬ್ಬಾಕಿ ಬಿಟ್ಟಾಕಿ ಆದ್ಳು ನೋಡ್ರಿ. ಶ್ರಾವಣದಾಗಽ ಓದ್ಯಾರ ಬಾಯಾರು.”

ಯಾರು ಮೊದಲು ಕುಳಿತರು ಎಂದು ನನ್ನನ್ನು ಕೇಳಬೇಡಿ. ನಾನು ಕಣ್ಣು ಪಿಳುಕಿಸುವಷ್ಟರಲ್ಲಿ ಎರಡು ಸೀರೆಗಳು ಕಲ್ಲಿನ ಎರಡು ಕಡೆ ಇದ್ದವು. ತಿಪ್ಪವ್ವನ ಕೈ ಗೂಟದ ಮೇಲೆ ಬಿತ್ತು, ಸಾವಂತ್ರವ್ವನ ಕೈ ಅದರ ಮೇಲೆ, ತಿಪ್ಪವ್ವ ಕೆಳಗಿನ ಕೈ ತೆಗೆದು ಅದರ ಮೇಲಿಟ್ಟಳು. ಗೂಟದ ತುದಿ ಬಂದ ಮೇಲೆ ಮೇಲಕ್ಕೆ ಜಾಗ ಉಳಿಯಲಿಲ್ಲ. ಕಲ್ಲು ಒಮ್ಮೆ ಕಿರುಗುಟ್ಟಿ ತಿರುಗಿತು. ಭೀಮಾಬಾಯಿ ಕಲ್ಲಿನ ಬಾಯಿಗೆ ಜೋಳ ಹಾಕಿದರು.

“ಮೌನ ಪ್ರಾರ್ಥನೆ ಮಾಡೋಣ,” ಎಂದರು ಅಯ್ಯನವರು, ಏನಾದರೂ ಅನ್ನಬೇಕಲ್ಲ ಎಂದು. ಎಲ್ಲರೂ ಕಣ್ಣು ಮುಚ್ಚಿದೆವು. ಕಲ್ಲಿನ ಸದ್ದೊಂದೇ. ಆಮೆನ್ ಎನ್ನುವ ತನಕ ಯಾರೂ ಏಳುವಂತಿಲ್ಲ, ಜೋಳ ಮುಗಿಯುವ ತನಕ ಆಮೆನ್ ಎನ್ನಲು ಅಯ್ಯನವರಿಗೆ ಧೈರ್ಯವಿಲ್ಲ. ನಾನು ಒಂದು ಕಣ್ಣು ತೆರೆದು ನೋಡಿದೆ. ಅಯ್ಯನವರೂ ಒಂದು ಕಣ್ಣು ತೆರೆದಿದ್ದರು. ಭೀಮಾಬಾಯಿ ಮಾತ್ರ ಎರಡೂ ಕಣ್ಣು ತೆರೆದು ಜೋಳ ಹಾಕುತ್ತಿದ್ದರು, ಕೆನ್ನೆ ಒದ್ದೆಯಾಗಿತ್ತು. ಗಡಿಗೆಯಿಂದ ಇನ್ನೊಂದು ಬೊಗಸೆ ತೆಗೆದು ಹಾಕಿದರು, ಮತ್ತೊಂದು ಹಾಕಿದರು. ಬೇಗ ಮುಗಿಸುವ ಮನಸ್ಸು ಅವರಿಗೆ ಇದ್ದಂತಿರಲಿಲ್ಲ.

ಕೊನೆಗೆ ಅಯ್ಯನವರು ಗಂಟಲು ಸರಿಮಾಡಿಕೊಂಡರು. “ಭೀಮಾಬಾಯಿ ಅವರೇ, ಆಮೆನ್ ನೀವೇ ಹೇಳಿ. ಈ ಕಲ್ಲು ಸವಾಲಿಗೆ ಬೇಡ, ಇಲ್ಲೇ ಇರಲಿ. ಬಂದವರು ಬೀಸಿಕೊಂಡು ಹೋಗಲಿ. ಬುಧವಾರವೂ ಇರಲಿ.”

“ಬಾಯಿಬಿಟ್ಟು ಪ್ರಾರ್ಥನಿ ಮಾಡಬಹುದೇನ್ರಿ ಅಯ್ಯಾರ?” ಎಂದು ಭೀಮಾಬಾಯಿ ಬಿಡದೆ ಕೇಳಿದರು.

“ಕಲ್ಲಿನ ವಿಷಯ ಒಂದನ್ನು ಬಿಟ್ಟು.”

ಆಮೆನ್ ಆಯಿತು. ಗೋಡೆಯ ಬಳಿಯಿಂದ ಎಲ್ಲರಿಗಿಂತ ಜೋರಾಗಿ ದನಿಗೂಡಿಸಿದವಳು ಆಶಾಬಿ. “ನನ್ನ ಕಲ್ಲು ಸವದ ಹೋಗಿತ್ತು ಯಪ್ಪಾ,” ಎಂದು ಕಾರಣವನ್ನೂ ಹೇಳಿದಳು. ಪರಸವ್ವ ತನ್ನ ಹಳೆಯ ಪ್ರಾರ್ಥನೆಯನ್ನು ಸ್ವಲ್ಪ ತಿದ್ದಿದಳು: “ನನ್ನ ಕರಕೋ ತಂದೀ. ಆದ್ರ ಈ ಹಿಟ್ಟಿನ ರೊಟ್ಟಿ ಒಂದ ತಿಂತೇನಿ, ತಡಿ.”

ಹೊತ್ತು ಮುಳುಗುವಾಗ ಮೋಟಾರಿಗೆ ಕಾಯುತ್ತ ರಸ್ತೆಯ ಬದಿಯಲ್ಲಿ ನಿಂತಿದ್ದೇವೆ. ಭೀಮಾಬಾಯಿಯವರ ಕೈಯಲ್ಲಿ ಹಿಟ್ಟಿನ ಪುಟ್ಟ ಗಂಟು. ನಾಳೆ ಹುಡುಗಿಯರ ರೊಟ್ಟಿಗೆ ಅದನ್ನು ಕಲಸುತ್ತಾರಂತೆ. ನೆಗೆಣ್ಣಿಯರು ಈಗ ಮಾತಾಡುತ್ತಾರೆಯೇ ಎಂದು ಕೇಳುತ್ತೇನೆ.

“ಎಲ್ಲಿ ಮಾತ್ರಿ,” ಎನ್ನುತ್ತಾರೆ. “ಬೀಸಿ ಮುಗಿಸಿ ಒಬ್ಬಾಕಿ ಇತ್ತಾಗ ಹೋದ್ಳು, ಒಬ್ಬಾಕಿ ಅತ್ತಾಗ ಹೋದ್ಳು. ಆದ್ರ ಹಿಟ್ಟು ಭಾಳ ಸಣ್ಣ ಬಂದೈತಿ.”

“ಮುಂದಿನ ಬುಧವಾರ ಸರದಿಗೆ ಯಾವ ಕಥೆ?”

ಭೀಮಾಬಾಯಿ ಬಟ್ಟೆ ಬಿಚ್ಚಿ, ಲೂಕನ ಹತ್ತನೆಯ ಅಧ್ಯಾಯ ತೆಗೆದು, ಉಳಿದ ಬೆಳಕಿನಲ್ಲಿ ಬೆರಳು ಸರಿಸುತ್ತಾರೆ. ಬೆರಳು ಒಂದು ಕಡೆ ನಿಲ್ಲುತ್ತದೆ. ಮಾರ್ಥ, ಮರಿಯ. ಅಕ್ಕತಂಗಿಯರು. ಮನೆಗೆ ಕರ್ತನು ಬಂದಾಗ ಒಬ್ಬಳು ಬೆವರು ಸುರಿಸಿ ಅಡಿಗೆ ಮಾಡುತ್ತಾಳೆ, ಇನ್ನೊಬ್ಬಳು ಮಾತು ಕೇಳುತ್ತ ಕುಳಿತಿರುತ್ತಾಳೆ. ಕೂತವಳೇ ಒಳ್ಳೆಯದನ್ನು ಆರಿಸಿಕೊಂಡಳು ಎಂದು ಕರ್ತನು ಹೇಳುತ್ತಾನೆ. ತಿಕೋಟಾದ ಪಡಸಾಲೆಯಲ್ಲಿ ಇದನ್ನು ಓದಿದರೆ ಏನಾದೀತು ಎಂದು ನನಗೇ ದಿಗಿಲು.

“ಈ ಒಂದು ವಾರ ಬಿಟ್ಟು ಓದಬಾರದೇ?” ಎನ್ನುತ್ತೇನೆ.

“ಬಿಟ್ಟು ಓದಂಗಿಲ್ರಿ ಅಣ್ಣಾರ,” ಎಂದು ಬೈಬಲನ್ನು ಮತ್ತೆ ಸುತ್ತುತ್ತಾರೆ. ದೂರದಲ್ಲಿ ಮೋಟಾರಿನ ದೀಪ ಕಾಣುತ್ತದೆ. ಹಿಟ್ಟಿನ ಗಂಟನ್ನು ಎದೆಗೆ ಒತ್ತಿಕೊಂಡು, ಒಂದು ಹಳೆಯ ಮಾತನ್ನು ಇವತ್ತು ಆಡಿಯೇ ಬಿಡುವವರಂತೆ ಹೇಳುತ್ತಾರೆ: “ಕರ್ತ ಮರಿಯಳ ಕಡೆ ಮಾತಾಡಿದ್ದು ಖರೆ ಐತ್ರಿ. ನಾ ಇಲ್ಲ ಅನ್ನೂದಿಲ್ಲ. ಆದ್ರ ಅವತ್ತ ಯಾರೂ ಹಸಗೊಂಡು ಹೋಗಿಲ್ಲ. ಅದನ್ನ ಮಾತ್ರ ಯಾರೂ ಬರದಿಲ್ಲ ನೋಡ್ರಿ.”